ಸೈಕಲ್ ತೊಳೆದ ಮೇಲೆ ಏನು ಉಳಿಯುತ್ತದೆ?

ಕಳೆದ ಜುಲೈಯಲ್ಲಿ ಮುಂಬೈ ಮಾಟುಂಗಾದ ನನ್ನ ಸೈಕಲ್ ರಿಪೇರಿ ಅಂಗಡಿಗೆ ಹಿಂದೂ ಕಾಲನಿಯ ಒಬ್ಬ ಅಕ್ಕ ಮಗನ ಸೈಕಲ್ ತಳ್ಳಿಕೊಂಡು ಬಂದರು. ಫ್ರೇಮು ಫಳಫಳ. ಚೈನು ಮಾತ್ರ ಇಟ್ಟಿಗೆ ಬಣ್ಣ. ಬೆರಳಲ್ಲಿ ಬಾಗಿಸಿದರೆ ಒಂದೊಂದು ಕೊಂಡಿಯೂ ಕಿರ್ರೆನ್ನುತ್ತಿತ್ತು.

"ಏನು ಹಾಕಿ ತೊಳೆದ್ರಿ ಅಕ್ಕ?"

"ಬಾತ್‌ರೂಮಿಗೆ ಹಾಕುವುದೇ ಮಾರಾಯ್ರೆ. ಟೈಲ್ಸಿನ ಕಲೆ ಒಂದೇ ಸಲಕ್ಕೆ ಹೋಗ್ತದೆ. ಚೈನಿನ ಕಪ್ಪು ಹೋಗ್ಲಿಕ್ಕಿಲ್ವಾ ಅಂತ ಹಾಕಿದೆ."

ಟೈಲ್ಸಿನ ಕಲೆ, ಕಮೋಡಿನ ಕಲೆ ತೆಗೆಯುವ ಎಷ್ಟೋ ದ್ರಾವಣಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಪಿಂಗಾಣಿಗೆ ಅದರಿಂದ ಏನೂ ಆಗುವುದಿಲ್ಲ. ಉಕ್ಕಿಗೆ ಆಗುತ್ತದೆ. ಚೈನಿನಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳು, ಪ್ರತಿ ಕೊಂಡಿಗೂ ಒಳಗೊಂದು ಪಿನ್ನು, ಅದರ ಮೇಲೊಂದು ರೋಲರ್. ಆಸಿಡ್ ಆ ಸಂದಿಗೆ ಇಳಿಯುತ್ತದೆ. ಮೇಲಿಂದ ಎಷ್ಟು ನೀರು ಸುರಿದರೂ ಪೂರ್ತಿ ಹೊರಗೆ ಬರುವುದಿಲ್ಲ. ತುಕ್ಕಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದು ಕಾಟವಿದೆ. ಆಸಿಡ್ ತಗುಲಿದಾಗ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಆಮೇಲೆ ಒಂದು ದಿನ ಜೋರಾಗಿ ಪೆಡಲ್ ತುಳಿದಾಗ ಚೈನು ಪಟ್ಟನೆ ತುಂಡು. ತುಕ್ಕು ತೆಗೆಯುವ ಆಸಿಡ್ ಅಥವಾ ಕ್ಷಾರದ ದ್ರಾವಣ ಚೈನಿಗೆ ಹಾಕಲೇಬೇಡಿ, ತುಂಡಾಗಿ ಪೆಟ್ಟಾದೀತು ಎಂದು ಸೈಕಲ್ ಬಿಡಿಭಾಗ ಮಾಡುವ ಶಿಮಾನೋ ಕಂಪನಿ ತನ್ನ ಕೈಪಿಡಿಯಲ್ಲೇ ಬರೆದಿದೆ. ಅದನ್ನು ಯಾರು ಓದುತ್ತಾರೆ, ಅಲ್ವಾ?

ಬಟ್ಟೆ ಬಿಳಿ ಮಾಡುವ ಬ್ಲೀಚೂ ಬೇಡ. ಅದು ಉಕ್ಕು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಒಂದರಲ್ಲಿ ಕೊಳೆ ಹೋಗಲಿಲ್ಲ ಎಂದು ಬ್ಲೀಚಿನ ಮೇಲೆ ಆಸಿಡ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಮುಂಬೈಯ ನಮ್ಮ ಬಾತ್‌ರೂಮುಗಳು ಎಷ್ಟು ದೊಡ್ಡವು ಎಂದು ನಿಮಗೇ ಗೊತ್ತು.

ಹಾಗಾದರೆ ಏನು ಹಾಕಬೇಕು? ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅರ್ಧ ಬಕೆಟ್ ನೀರಿಗೆ ಒಂದು ಟೀ ಚಮಚ. ಇದು ಕೈ ಹಾಕಿ ಮಾಡುವ ಕೆಲಸಕ್ಕೆಂದೇ ಇರುವುದರಿಂದ ಬಣ್ಣಕ್ಕೂ ಲೋಹಕ್ಕೂ ಅಷ್ಟು ಖಾರವಲ್ಲ. ಹಳೇ ಬನಿಯನ್, ಹಳೇ ಟೂತ್ ಬ್ರಷ್, ಇನ್ನೊಂದು ಬಕೆಟ್ ಬರೀ ನೀರು. ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಪಾತ್ರೆ ಸೋಪಿನ ಬಿಲ್ಲೆ ಮಾತ್ರ ಬೇಡ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ. ಹಸಿರು ಸ್ಕ್ರಬ್ಬರ್ ಕೂಡ ಬಣ್ಣದ ಮೇಲೆ ಗೀರು ಬಿಡುತ್ತದೆ.

ವಾಷಿಂಗ್ ಸೋಡಾ ಅಲ್ಯೂಮಿನಿಯಂ ಭಾಗಗಳನ್ನು ಮಂಕು ಮಾಡುತ್ತದೆ. ನಿಮ್ಮ ಸೈಕಲ್ ಯಾವ ಲೋಹದ್ದು ಎಂದು ಗೊತ್ತಿಲ್ಲದಿದ್ದರೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಫ್ರೇಮಿಗೂ ರಿಮ್ಮಿಗೂ ಇಟ್ಟು ನೋಡಿ. ಅಂಟಿಕೊಂಡರೆ ಉಕ್ಕು. ಜಾರಿ ಬಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ.

ನಮ್ಮವರಿಗೆ ಹೊಳಪು ಎಂದರೆ ಹುಣಸೆಹಣ್ಣು. ದೇವರ ದೀಪಕ್ಕೆ, ತಾಮ್ರದ ಚೊಂಬಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಒಪ್ಪಿದೆ. ಆದರೆ ಅದೂ ಹುಳಿ, ನಿಂಬೆಯೂ ಹುಳಿ, ವಿನೆಗರ್ರೂ ಹುಳಿ. ಹುಳಿ ಎಂದರೆ ಅದೂ ಆಸಿಡ್ಡೇ. ಹಳೇ ಸೈಕಲ್ಲಿನ ಕ್ರೋಮ್ ಹ್ಯಾಂಡಲ್ ಮೇಲೆ ತುಕ್ಕಿನ ಚುಕ್ಕೆ ಎದ್ದಿದ್ದರೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಹುಳಿಯಿಲ್ಲದೆಯೇ ಚುಕ್ಕೆ ಹೋಗುತ್ತದೆ.

ಚೈನಿನ ಜಿಡ್ಡಿಗೆ ಸೋಪು ಸಾಲದು. ನಾನು ಕಲಿತದ್ದು ಸೀಮೆಎಣ್ಣೆಯಲ್ಲಿ. ಈಗ ಅದು ಎಲ್ಲ ಕಡೆ ಸಿಗುವುದಿಲ್ಲ, ಪೇಂಟ್ ಅಂಗಡಿಯ ಟರ್ಪೆಂಟೈನ್ ಅದೇ ಕೆಲಸ ಮಾಡುತ್ತದೆ. ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಚೈನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ. ಟೈರಿಗೆ, ಬ್ರೇಕ್ ಬ್ಲಾಕಿಗೆ ತಾಗಿಸಬೇಡಿ. ಪೆಟ್ರೋಲ್ ಬೇಡವೇ ಬೇಡ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಸುಮಾರು 38 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಪೆಟ್ರೋಲಿನ ಆವಿ ಫ್ರೀಜರಿನ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಬಾಲ್ಕನಿಯಲ್ಲಿ ಸೈಕಲ್, ಪಕ್ಕದ ಗೂಡಲ್ಲಿ ದೇವರ ದೀಪ. ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕೊಳೆ ತೆಗೆದ ಮೇಲೆ ಎಣ್ಣೆ ಹಾಕಲೇಬೇಕು. ಕರಾವಳಿಯವರ ಕೈ ಸುಮ್ನೆ ತೆಂಗಿನೆಣ್ಣೆ ಬಾಟಲಿಗೆ ಹೋಗುತ್ತದೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ವಾಸಿ. ಆದರೆ ತೆಳುವಾದ್ದರಿಂದ ಮಳೆಗಾಲದಲ್ಲಿ ಎರಡೇ ದಿನದಲ್ಲಿ ತೊಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೈಕಲ್ ಚೈನಿಗೆಂದೇ ಸಿಗುವ ದಪ್ಪ ಎಣ್ಣೆ ತನ್ನಿ. ಒಂದೊಂದು ರೋಲರಿಗೆ ಒಂದೊಂದು ಹನಿ, ಐದು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಒಳಗೆ.

ಡಿಸ್ಕ್ ಬ್ರೇಕಿನ ಕತೆ ಬೇರೆ. ಕೊರೊನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್ ಇನ್ನೂ ಇದೆ, ಅದೂ ಆಲ್ಕೋಹಾಲೇ ತಾನೇ ಎಂದು ಒಬ್ಬರು ಡಿಸ್ಕಿಗೆ ಹಚ್ಚಿದ್ದರು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ. ಆಲ್ಕೋಹಾಲ್ ಆರಿಹೋಗುತ್ತದೆ, ಗ್ಲಿಸರಿನ್ ಡಿಸ್ಕಿನ ಮೇಲೇ ಕೂರುತ್ತದೆ. ಬ್ರೇಕ್ ಹಿಡಿದರೆ ಜಾರಿಕೆ. ಮೆಡಿಕಲ್ ಅಂಗಡಿಯಲ್ಲಿ ಏನೂ ಬೆರೆಸದ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, ಹೊಸ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಸ್ಪ್ರೇ ಹಿಡಿದ ಕೈಯಲ್ಲಿ ಡಿಸ್ಕ್ ಮುಟ್ಟಲೂ ಬೇಡಿ.

ಭಾನುವಾರ ಬೆಳಿಗ್ಗೆ ಮರೀನ್ ಡ್ರೈವ್, ವರ್ಲಿ ಸುತ್ತಿ ಬರುವವರಿಗೆ ಸೋಪಿಗಿಂತ ಮೊದಲು ಬೇಕಾದದ್ದು ಸಿಹಿನೀರು. ಭರತದ ಹೊತ್ತಿಗೆ ಅಲೆ ಕಟ್ಟೆ ಹಾರಿ ಮೈಮೇಲೆ ಬೀಳುತ್ತದೆ. ನೀರು ಆರುತ್ತದೆ, ಉಪ್ಪು ನಟ್ಟಿನ ಸಂದಿಯಲ್ಲಿ ಕೂತು ಗಾಳಿಯ ತೇವ ಹೀರುತ್ತಾ ಇರುತ್ತದೆ. ಮನೆಗೆ ಬಂದ ಕೂಡಲೇ ಚೊಂಬಲ್ಲಿ ನೀರು ಹುಯ್ದು ಒರೆಸಿ. ಕಾರು ತೊಳೆಯುವ ಜೋರು ಪೈಪಿನ ಹತ್ತಿರ ಒಯ್ಯಬೇಡಿ. ಅದು ಚಕ್ರದ ನಡುವಿನ ಹಬ್ಬಿನೊಳಗೆ ನೀರು ನುಗ್ಗಿಸಿ ಬೇರಿಂಗಿನ ಗ್ರೀಸ್ ಕೆಡಿಸುತ್ತದೆ.

ಅಕ್ಕನ ಸೈಕಲ್ಲಿಗೆ ಹೊಸ ಚೈನೇ ಹಾಕಬೇಕಾಯಿತು. ಹೋಗುವಾಗ ಅವರು, "ಚೈನು ತೊಳೆದು ಉಳಿದ ಸೀಮೆಎಣ್ಣೆ ಮೋರಿಗೆ ಚೆಲ್ಲಬಹುದಾ?" ಎಂದು ಕೇಳಿದರು. ಬೇಡ. ಒಂದು ರಾತ್ರಿ ಅಲ್ಲಾಡಿಸದೆ ಇಟ್ಟರೆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಆದರೆ ನೀರಿನ ಬಾಟಲಿಯಲ್ಲಿ ಯಾವತ್ತೂ ಹಾಕಿಡಬೇಡಿ. ಮಕ್ಕಳು ನೀರೆಂದು ಕುಡಿದುಬಿಡುತ್ತಾರೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಜಾಸ್ತಿ. ಮಗುವನ್ನು ನೇರ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.