ಕೋತಿಯನ್ನು ನೆನೆಯದೆ ಮದ್ದು ಕುಡಿಯುವುದು

ಮದ್ದು ಕೊಟ್ಟ ವೈದ್ಯ, "ಕುಡಿಯುವಾಗ ಕೋತಿಯನ್ನು ಮಾತ್ರ ನೆನೆಯಬೇಡ" ಎಂದು ಪಥ್ಯ ಹೇಳಿದನಂತೆ. ರೋಗಿ ಬಟ್ಟಲು ಎತ್ತಿದಾಗಲೆಲ್ಲ ಕೋತಿ ಬಂದು ಕೂತಿತು; ಮದ್ದು ಬಟ್ಟಲಲ್ಲೇ ಉಳಿಯಿತು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಈ ಕಥೆಗೆ ತೀರ ಹತ್ತಿರದ ಪ್ರಯೋಗವೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದರು. ಅಲ್ಲಿ ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಅದರ ಯೋಚನೆ ಬೇಡ, ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಮೊಳಗಿತು. "ಈಗ ಯೋಚಿಸಬಹುದು" ಎಂದ ಮೇಲಂತೂ, ಮೊದಲಿನಿಂದಲೇ ಯೋಚಿಸಲು ಅನುಮತಿ ಇದ್ದವರಿಗಿಂತ ಹೆಚ್ಚು ಸಲ ಕರಡಿ ಬಂದಿತು.

ಹತ್ತಿಕ್ಕಿದ್ದು ಮರಳಿ ಏಳುತ್ತದೆ ಎಂಬ ನಂಬಿಕೆ ಅದಕ್ಕಿಂತ ಹಳೆಯದು. 1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್, ಮನಸ್ಸು ಹೊರಗಿಟ್ಟ ನೋವಿನ ನೆನಪೇ ಹಿಸ್ಟೀರಿಯಾದ ರೂಪದಲ್ಲಿ ಕಾಡುತ್ತದೆ ಎಂದಿದ್ದರು. 1915ರಲ್ಲಿ ಫ್ರಾಯ್ಡ್, ಹೀಗೆ ಹೊರಗಿಡುವ 'ದಮನ'ದ ಬಗ್ಗೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಮುಂದೆ ಆ ಪದಕ್ಕೆ ಕೆಟ್ಟ ಹೆಸರು ಬಂದದ್ದು 1980–90ರ ದಶಕಗಳಲ್ಲಿ. ಚಿಕಿತ್ಸೆಯ ಕೋಣೆಯಲ್ಲಿ 'ಮರಳಿ ಸಿಕ್ಕ' ಬಾಲ್ಯದ ದೌರ್ಜನ್ಯದ ನೆನಪುಗಳು ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿದವು. ಬಾಲ್ಯದಲ್ಲಿ ಮಾಲ್ ಒಂದರಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 24 ಜನರ ಮುಂದಿಟ್ಟಾಗ, ಸುಮಾರು ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ತಮ್ಮ ನೆನಪೆಂದೇ ನಂಬಿದರು. ಅಲ್ಲಿಂದ ಮುಂದೆ ಪ್ರಯೋಗಾಲಯಗಳಲ್ಲಿ ದಮನದ ಮಾತೆತ್ತಲು ಅನೇಕರು ಹಿಂಜರಿದರು.

ಅದನ್ನು ಬೇರೆ ಬಾಗಿಲಿನಿಂದ ಒಳತಂದವರು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಮೈಕೆಲ್ ಆಂಡರ್ಸನ್. ಅವರು ಹೇಳುವ ಒಂದು ಘಟನೆ ಇದೆ. ಕೈ ತಾಗಿ ಕಿಟಕಿಯ ಕಟ್ಟೆಯಿಂದ ಕುಂಡವೊಂದು ಉರುಳಿತು. ಹಿಡಿಯಲು ಕೈ ಚಾಚಿದರು. ಅದು ಪಾಪಾಸುಕಳ್ಳಿ ಎಂದು ಹೊಳೆದದ್ದೇ ತಡ, ಕೈ ಅರ್ಧ ದಾರಿಯಲ್ಲಿ ನಿಂತಿತು. ಹೊರಟ ಕೈಯನ್ನು ನಿಲ್ಲಿಸುವ ಮಿದುಳು ಹೊರಟ ನೆನಪನ್ನೂ ನಿಲ್ಲಿಸಬಲ್ಲದೇ?

2001ರಲ್ಲಿ ಕಾಲಿನ್ ಗ್ರೀನ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಮೊದಲು ಜೋಡಿ ಪದಗಳ ಬಾಯಿಪಾಠ. ನಂತರ ಜೋಡಿಯ ಒಂದು ಪದವನ್ನಷ್ಟೇ ತೋರಿಸಿ, ಕೆಲವಕ್ಕೆ ಇನ್ನೊಂದನ್ನು ಹೇಳಿ ಎಂದರು. ಕೆಲವಕ್ಕೆ, ಪದವನ್ನೇ ನೋಡುತ್ತಿರಿ, ಅದರ ಜೊತೆಗಾರ ಮನಸ್ಸಿಗೆ ಬರಲು ಬಿಡಬೇಡಿ ಎಂದರು. ಕೆಲವು ಪದಗಳಿಗೆ ಹದಿನಾರು ಸಲದ ತನಕ ಹೀಗೆ ತಡೆ ಹಾಕಿಸಿದರು. ಕೊನೆಗೆ ಸರಿಯುತ್ತರಕ್ಕೆ ಹಣ ಕೊಡುತ್ತೇವೆಂದು ಕೇಳಿದರೂ, ತಡೆದ ಪದಗಳು ನಡುವೆ ಮುಟ್ಟದೇ ಬಿಟ್ಟ ಪದಗಳಿಗಿಂತಲೂ ಕಡಿಮೆ ನೆನಪಾದವು. ಬೇರೆಯದೇ ಸುಳಿವು ಕೊಟ್ಟು ಕೇಳಿದಾಗಲೂ ಹಾಗೆಯೇ ಆಯಿತು. ಅಂದರೆ ಸವೆದದ್ದು ನೆನಪಿಗೆ ಹೋಗುವ ದಾರಿ ಮಾತ್ರವಲ್ಲ, ನೆನಪೂ ಸ್ವಲ್ಪ ಸವೆದಿತ್ತು. ಮರೆಯುವುದಕ್ಕೂ ಮರೆಮಾಡುವುದಕ್ಕೂ ಕನ್ನಡದಲ್ಲಿ ಇರುವ ನಂಟು ನನಗೆ ಇಲ್ಲಿ ನೆನಪಾಗುತ್ತದೆ. ಈ ಸಂಶೋಧನೆಯ ಜಗಳವೆಲ್ಲ ಆ ಎರಡರ ನಡುವಿನದೇ.

ವೆಗ್ನರ್ ಒಂದು ಹೇಳಿದರೆ ಆಂಡರ್ಸನ್ ಇನ್ನೊಂದು ಹೇಳಿದಂತೆ ಕಾಣುತ್ತದೆ. ನನ್ನ ಮಟ್ಟಿಗೆ, ಇಬ್ಬರೂ ಕೇಳಿದ ಪ್ರಶ್ನೆಯೇ ಬೇರೆ. ಕೋತಿಯನ್ನು ನೆನೆಯಬೇಡ ಎನ್ನುವ ಅಪ್ಪಣೆಯಲ್ಲೇ ಕೋತಿ ಇದೆ. ಕಾಡುವ ನೆನಪು ಹಾಗೆ ಬರುವುದಿಲ್ಲ. ಒಂದು ರಸ್ತೆ, ಒಂದು ವಾಸನೆ, ಒಂದು ಮುಖ ಅದನ್ನು ಎಳೆದು ತರುತ್ತದೆ. ಆ ಎಳೆತವನ್ನು ನಿಲ್ಲಿಸುವುದೇ ಇಲ್ಲಿನ ಕೆಲಸ.

ಕೆಲಸ ನಡೆಯುವ ಜಾಗ 2004ರಲ್ಲಿ ಮಿದುಳಿನ ಸ್ಕ್ಯಾನರಿನಲ್ಲಿ ಕಂಡಿತು: ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಚುರುಕಾದಾಗ, ನೆನಪನ್ನು ಹೊರತೆಗೆಯುವ ಹಿಪೊಕ್ಯಾಂಪಸ್ ತಣ್ಣಗಾಗುತ್ತಿತ್ತು. 2007ರಲ್ಲಿ ಕೊಲರಾಡೊದ ಸಂಶೋಧಕರು ಪದಗಳನ್ನು ಬಿಟ್ಟು, ಮುಖಗಳಿಗೆ ಅಪಘಾತ, ಗಾಯಾಳು ಸೈನಿಕನಂತಹ ಚಿತ್ರಗಳನ್ನು ಜೋಡಿಸಿದರು. ತಡೆ ಎರಡು ಹಂತದಲ್ಲಿ ಬಂದಿತು. ಮೊದಲು ಮಂಕಾದದ್ದು ನೆನಪಿನ ದೃಶ್ಯ, ಆಮೇಲೆ ಹಿಪೊಕ್ಯಾಂಪಸ್ ಮತ್ತು ಭಯದ ಕೇಂದ್ರವಾದ ಅಮಿಗ್ಡಲಾ. ಎಲ್ಲವೂ ಸಲೀಸಾಗಿರಲಿಲ್ಲ. 2006ರಲ್ಲಿ ಇನ್ನೊಂದು ತಂಡ, ಆಂಡರ್ಸನ್ ಕಂಡ ಮರೆವನ್ನು ಹುಡುಕಿ ಮೂರು ಪ್ರಯೋಗ ನಡೆಸಿ ಬರಿಗೈಯಲ್ಲಿ ಮರಳಿತ್ತು. ಪರಿಣಾಮ ದೊಡ್ಡದಲ್ಲ, ಎಲ್ಲರಲ್ಲೂ ಒಂದೇ ಸಮನೂ ಅಲ್ಲ. ಯಾಕೆ ಎಂಬುದಕ್ಕೆ 2017ರಲ್ಲಿ ಒಂದು ಸುಳಿವು ಸಿಕ್ಕಿತು: ಹಿಪೊಕ್ಯಾಂಪಸ್ಸಿನಲ್ಲಿ ಗಾಬಾ ಎಂಬ ಶಮನಕಾರಿ ರಾಸಾಯನಿಕ ಹೆಚ್ಚಿದ್ದವರು ಹೆಚ್ಚು ಚೆನ್ನಾಗಿ ತಡೆಯಬಲ್ಲವರಾಗಿದ್ದರು. ಹಣೆಯಿಂದ ಬರುವ ಆಜ್ಞೆಯನ್ನು ಜಾರಿಗೆ ತರಲು ಸ್ಥಳದಲ್ಲೇ ಆಳು ಬೇಕು.

ಒತ್ತಡ ಈ ಜಾಗಗಳನ್ನೇ ಹೇಗೆ ಬದಲಿಸುತ್ತದೆ ಎಂಬುದನ್ನು ತೋರಿಸಿದ ಕೆಲಸವೊಂದು ಬೆಂಗಳೂರಿನದು. ಅಲ್ಲಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟ್ಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಇದ್ದ ತಂಡ 2002ರಲ್ಲಿ, ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇರಿಸಿದ ಇಲಿಗಳ ಮಿದುಳನ್ನು ಪರೀಕ್ಷಿಸಿತು. ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲಾದಲ್ಲಿ ಬೆಳೆದಿದ್ದವು. ಚಟ್ಟರ್ಜಿ ಅವರ ತಂಡದ 2004ರ ಇನ್ನೊಂದು ಅಧ್ಯಯನದಲ್ಲಿ, 21 ದಿನ ವಿಶ್ರಾಂತಿ ಕೊಟ್ಟ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾ ಮಾತ್ರ ಹಿಂದಿನ ಸ್ಥಿತಿಗೆ ಮರಳಲಿಲ್ಲ. ಇಲಿಯ ಇಚ್ಛೆಯ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಆದರೆ "ಆದದ್ದಾಯಿತು, ಮರೆತುಬಿಡು" ಎಂಬ ಹಿರಿಯರ ಮಾತು ಆಘಾತಕ್ಕೆ ಸಿಕ್ಕವರಿಗೆ ಏಕೆ ಅಷ್ಟು ಕಠಿಣ ಎಂಬುದು ಇಲ್ಲಿಂದ ಸ್ವಲ್ಪ ಕಾಣುತ್ತದೆ.

2015ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ನಡೆದ ಭಯೋತ್ಪಾದಕ ದಾಳಿಗಳಲ್ಲಿ ಬದುಕುಳಿದವರನ್ನು ಫ್ರಾನ್ಸಿನ ಸಂಶೋಧಕ ಪಿಯೆರ್ ಗಾನ್ಯೆಪೆನ್ ತಂಡ ಪರೀಕ್ಷಿಸಿದ್ದು ಇದೇ ಪ್ರಶ್ನೆಗಾಗಿ. 102 ಮಂದಿಯಲ್ಲಿ 55 ಜನರಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ದಾಳಿಯ ನೆನಪನ್ನು ಸಂಶೋಧಕರು ಕೆದಕಲಿಲ್ಲ. ದಾಳಿಗೆ ಸಂಬಂಧವೇ ಇಲ್ಲದ ಪದ–ಚಿತ್ರಗಳ ಜೋಡಿ ಕೊಟ್ಟು, ಚಿತ್ರವನ್ನು ತಡೆಯಲು ಹೇಳಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಾಳಿಗೆ ಸಿಕ್ಕಿಯೂ ಕಾಯಿಲೆ ಬೀಳದವರಲ್ಲಿ ತಡೆಯ ಸಂಕೇತ ಗಟ್ಟಿಯಾಗಿತ್ತು. ಕಾಯಿಲೆ ಬಿದ್ದವರಲ್ಲಿ ಅದು ದುರ್ಬಲವಾಗಿತ್ತು. ಹಾಗಾದರೆ ತೊಂದರೆ ಆ ರಾತ್ರಿಯ ನೆನಪಿನದಷ್ಟೇ ಅಲ್ಲ; ಯಾವ ನೆನಪಿಗೂ ಹಾಕಬೇಕಾದ ತಡೆಯೇ ಸಡಿಲವಾಗಿತ್ತು. ಬದುಕುಳಿದವರನ್ನು ತಂಡ ಮುಂದಿನ ವರ್ಷಗಳಲ್ಲೂ ಹಿಂಬಾಲಿಸಿತು. ಕಾಯಿಲೆಯಿಂದ ಚೇತರಿಸಿಕೊಂಡವರ ಮಿದುಳಿನಲ್ಲಿ ಆ ತಡೆ ಮತ್ತೆ ಬಿಗಿಯಾಗಿತ್ತು.