ಮೆಣಸಿನಕಾಯಿಯೊಳಗಿನ ಪ್ಲಾಸೆಂಟಾ

ಮೆಣಸಿನಕಾಯಿಯ ಖಾರವೆಲ್ಲ ಬೀಜದಲ್ಲಿದೆ ಅಂತ ನಂಬಿದವರು ಗೋವಾದ ಕನ್ನಡ ಮನೆಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ಮಾಪ್ಸಾದ ಶುಕ್ರವಾರದ ಸಂತೆಯಿಂದ ಬ್ಯಾಡಗಿ ತಂದರೂ ಅಷ್ಟೇ, ಕಾಣಕೋಣದ ಖೋಲಾ ಮೆಣಸಿನಕಾಯಿ ತಂದರೂ ಅಷ್ಟೇ. ಖಾರ ಕಡಿಮೆ ಬೇಕೆಂದರೆ ಬೀಜ ಕೊಡವುತ್ತಾರೆ. ಆದರೆ ಖಾರ ಹುಟ್ಟುವ ಜಾಗ ಬೇರೆ. ಹಸಿ ಕಾಯಿ ಸೀಳಿದರೆ ಬೀಜಗಳು ಅಂಟಿಕೊಂಡಿರುವ ಬಿಳಿಯ ಮೆತ್ತನೆ ಭಾಗ ಕಾಣುತ್ತದೆ, ಅಲ್ವಾ? ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗುವುದು ಅಲ್ಲಿ. ಬೀಜಕ್ಕೆ ಅದು ಅಂಟಿರುತ್ತದೆ, ಅಷ್ಟೇ.

ಆ ಬಿಳಿ ಭಾಗಕ್ಕೆ ಸಸ್ಯಶಾಸ್ತ್ರದಲ್ಲಿ ಪ್ಲಾಸೆಂಟಾ ಎಂದು ಹೆಸರು. ಹೆರಿಗೆಯಾದ ಮೇಲೆ ಬೀಳುವ ಮಾಸಿಗೂ ಡಾಕ್ಟರು ಹೇಳುವ ಹೆಸರು ಇದೇ.

ಹೆಸರು ಮೊದಲು ಹುಟ್ಟಿದ್ದು ಅಡುಗೆಮನೆಯಲ್ಲಿ. ಹಳೆಯ ರೋಮನ್ನರಿಗೆ ಪ್ಲಾಸೆಂಟಾ ಎಂದರೆ ಹಿಟ್ಟಿನ ಪದರಗಳ ನಡುವೆ ಚೀಸ್, ಜೇನು ಹಾಕಿ ಬೇಯಿಸಿದ ಚಪ್ಪಟೆ ತಿಂಡಿ. ಅದನ್ನು ಮಾಡುವ ಕ್ರಮವನ್ನು ಕೇಟೋ ಎಂಬ ರೋಮನ್ ಲೇಖಕ ಕ್ರಿ.ಪೂ. 2ನೇ ಶತಮಾನದಲ್ಲೇ ತನ್ನ ಬೇಸಾಯದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಈ ಹೆಸರನ್ನು ಮಾಸಿಗೆ ಕೊಟ್ಟವನು ಇಟಲಿಯ ಅಂಗರಚನಾ ತಜ್ಞ ರಿಯಾಲ್ಡೊ ಕೊಲಂಬೊ. ಅವನ ಅಂಗರಚನೆಯ ಪುಸ್ತಕ 1559ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ದಿನ ತುಂಬಿದ ಮಾಸು ಸುಮಾರು ಅರ್ಧ ಕೆಜಿ ತೂಗುತ್ತದೆ. ಒಂದು ಗೇಣು ಅಗಲ, ದುಂಡಗೆ, ದಪ್ಪ ರೊಟ್ಟಿಯ ಹಾಗೆ. ಕೊಲಂಬೊ ನೋಡಿದ್ದು ಈ ಆಕಾರವನ್ನು.

ಮೆಣಸಿನಕಾಯಿಯಲ್ಲಿ ರೊಟ್ಟಿಯಂಥದ್ದು ಏನೂ ಇಲ್ಲವಲ್ಲ, ಮತ್ತೆ ಹೆಸರು ಅಲ್ಲಿಗೆ ಹೋಗಿದ್ದು ಹೇಗೆ? ಆ ಕಾಲದ ವೈದ್ಯರಿಗೆ ಗಿಡವೂ ಗೊತ್ತಿರಬೇಕಿತ್ತು. ಔಷಧಿ ಬರುತ್ತಿದ್ದದ್ದೇ ಗಿಡದಿಂದ. 1563ರಲ್ಲಿ ಇದೇ ಗೋವಾದಲ್ಲಿ ಗಿಡಮೂಲಿಕೆಗಳ ಬಗ್ಗೆ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ ಗಾರ್ಸಿಯಾ ದ ಓರ್ತಾ ಕೂಡ ವೈದ್ಯನೇ. ಮುಂದಿನ ಶತಮಾನದಲ್ಲಿ ಸೂಕ್ಷ್ಮದರ್ಶಕ ಹಿಡಿದು ಗಿಡ ಕೊಯ್ದು ನೋಡಿದ ಮಾರ್ಚೆಲ್ಲೊ ಮಾಲ್ಪಿಗಿ, ನೆಹೆಮಿಯಾ ಗ್ರೂ ಇಬ್ಬರೂ ವೈದ್ಯರು. ಕಪ್ಪೆಯ ಶ್ವಾಸಕೋಶದಲ್ಲಿ ರಕ್ತದ ಸಣ್ಣ ನಾಳ ಕಂಡ ಮಾಲ್ಪಿಗಿಯೇ ಮೊಳಕೆಯೊಡೆಯುವ ಬೀಜವನ್ನೂ ಅಷ್ಟೇ ಆಸಕ್ತಿಯಿಂದ ನೋಡಿದ. ಪ್ರಾಣಿಯ ಮೈಗೂ ಗಿಡದ ಮೈಗೂ ಹೋಲಿಕೆ ಹುಡುಕುವುದು ಇಂಥವರಿಗೆ ಸಹಜವಾಗಿತ್ತು. ಹೂವಿಗೂ ಅಂಡಾಶಯ ಬಂತು, ಅದರೊಳಗೆ ಪ್ಲಾಸೆಂಟಾ ಬಂತು. ಬೀಜವನ್ನು ಅದಕ್ಕೆ ಕಟ್ಟುವ ಎಳೆಗೆ ಫ್ಯುನಿಕಲ್ ಎಂದರು, ಅಂದರೆ ಸಣ್ಣ ಹಗ್ಗ. ಅದು ಹೊಕ್ಕುಳಬಳ್ಳಿಯ ಜಾಗದಲ್ಲಿದೆ. ಗಿಡಕ್ಕೆ ಬರುವಾಗ ಆಕಾರದ ಅರ್ಥ ಬಿದ್ದುಹೋಗಿ, ಹಿಡಿದುಕೊಂಡು ಉಣಿಸುವ ಕೆಲಸ ಮಾತ್ರ ಉಳಿಯಿತು. ಈ ಬದಲಾವಣೆ ಸರಿಯೇ ಅನ್ನಿಸುತ್ತದೆ ನನಗೆ. ಯಾಕೆಂದರೆ ಗಿಡದಲ್ಲಿ ಆಕಾರ ಒಂದೇ ಥರ ಇರುವುದಿಲ್ಲ. ಟೊಮೆಟೊದಲ್ಲಿ ಅದು ಹಣ್ಣಿನ ನಡುವೆ ಇದೆ, ಪಪಾಯಿಯಲ್ಲಿ ಒಳಗೋಡೆಯ ಮೇಲೆ, ಬಟಾಣಿಯಲ್ಲಿ ಕಾಯಿಯ ಅಂಚಿನುದ್ದಕ್ಕೂ.

ಆದರೆ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಮನುಷ್ಯರ ಮಾಸು ತಾಯಿ, ಮಗು ಇಬ್ಬರ ಅಂಶದಿಂದಲೂ ಬೆಳೆಯುತ್ತದೆ, ಹೆರಿಗೆಯಾದ ಮೇಲೆ ಕಳಚಿ ಬೀಳುತ್ತದೆ. ಗಿಡದ ಪ್ಲಾಸೆಂಟಾ ಪೂರ್ತಿ ತಾಯಿಗಿಡದ್ದೇ. ಬೀಜ ಉದುರಿದರೂ ಅದು ಕಾಯಿಯಲ್ಲೇ ಉಳಿಯುತ್ತದೆ. ಹಾಗಾಗಿ ಖಾರ ಇಳಿಸಬೇಕೆಂದರೆ ಬೀಜ ಕೊಡವಿದರೆ ಸಾಲದು, ಆ ಬಿಳಿ ಭಾಗವನ್ನು ಚಾಕುವಿನಿಂದ ಕೆರೆದು ತೆಗೆಯಬೇಕು.