ಅಳತೆ ಒಂದೇ, ಉಸಿರು ಬೇರೆ: ಜಾವಾ 250 ಮತ್ತು ರೋಡ್‌ಕಿಂಗ್

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ 250 ಬೈಕು ತಯಾರಾಗತೊಡಗಿತು. 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂತು. ಎರಡೂ ಟೂ ಸ್ಟ್ರೋಕ್, ಎರಡಕ್ಕೂ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ., ಅದೂ ಬದಲಾಗಿಲ್ಲ. ಆದರೂ ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗ್‌ನದು 16.

ಈ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹೊಗೆ ಹೊರಹೋಗುವಾಗಲೇ ಪೆಟ್ರೋಲು-ಗಾಳಿಯ ಹೊಸ ಮಿಶ್ರಣ ಒಳಬರುವುದರಿಂದ ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊಗೆಯ ಜೊತೆ ಜಾರಿಹೋಗುತ್ತದೆ. ಸೈಲೆನ್ಸರಿನೊಳಗಿಂದ ಮರಳುವ ಒತ್ತಡದ ಅಲೆ ಅದನ್ನು ತಡೆದು ವಾಪಸು ತಳ್ಳಬೇಕು. ಯುರೋಪಿನ ಸಿಝಡ್ ಕಂಪನಿಯ ಮೋಟೋಕ್ರಾಸ್ (ಕಚ್ಚಾದಾರಿ ರೇಸಿನ) ಬೈಕುಗಳ ವಿನ್ಯಾಸದಿಂದ ಬಂದ ರೋಡ್‌ಕಿಂಗ್ ಈ ಉಸಿರಾಟದಲ್ಲೇ ಗೆದ್ದಿತು. 16 ಇಂಚಿನ ಚಕ್ರದ ಜಾವಾ ಪೇಟೆಯ ನಿಧಾನಗತಿಗೆ ಹಿತ. ಹೆದ್ದಾರಿಗೆ 18 ಇಂಚಿನ ಚಕ್ರದ ರೋಡ್‌ಕಿಂಗೇ ಸರಿ.

ಸದ್ದಿಗಾಗಿ ಸೈಲೆನ್ಸರಿನ ಒಳಕೊಳವೆ ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಿದರೆ ಅಲೆಯ ಲೆಕ್ಕ ತಪ್ಪಿ, ಕಡಿಮೆ ವೇಗದಲ್ಲಿ ಗಾಡಿ ಎಳೆಯುವುದಿಲ್ಲ. ಮಸಿ ಕಟ್ಟಿದರೂ ಅದೇ ಗತಿ. ಕೊಳವೆ ಬಿಚ್ಚಿ ಮಸಿ ಸುಟ್ಟು ಕೆರೆದು, ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಎಕ್ಸಾಸ್ಟ್ (ಹೊಗೆ ಹೋಗುವ) ಕಿಂಡಿ ಕೆರೆಯಲು ಮರದ ಕಡ್ಡಿ ಸಾಕು. ಉಕ್ಕಿನ ಸ್ಕ್ರೂಡ್ರೈವರ್ ಪಿಸ್ಟನ್ನಿಗೆ ಗೀರು ಹಾಕುತ್ತದೆ.

ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ ಎಡಗಡೆಯ, ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ (ಕ್ರ್ಯಾಂಕ್ ದಂಡದ ಸುತ್ತ ಆಯಿಲ್, ಗಾಳಿ ತಡೆಯುವ ಬಳೆ) ಹೋಗಿದೆ ಎಂದೇ ಅರ್ಥ. ಎಂಜಿನ್ ಆ ಆಯಿಲನ್ನು ಹೀರಿ ಸುಡುತ್ತಿದೆ. ಬಲಗಡೆಯ, ಅಂದರೆ ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ. ಗಾಳಿ ಹೊಕ್ಕು ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ. ಹೊಗೆಯ ಸುಳಿವು ಕೊಡದ ಈ ದೋಷವೇ ಹೆಚ್ಚು ಅಪಾಯಕಾರಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಸುತ್ತು ತಟ್ಟನೆ ಇಳಿಯದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಜಾವಾದ ಕಿಕ್ಕರೇ ಗೇರ್ ಲಿವರ್ ಕೂಡ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಗೇರ್ ಬದಲಿಸುವಾಗ ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುತ್ತದೆ. ಕ್ಲಚ್ ಹೊಂದಿಸುವಾಗ ಕೊಂಚ ಸಡಿಲ ಬಿಡಲೇಬೇಕು, ಇಲ್ಲದಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ.

ಕಿಡಿ ಹೊತ್ತಿಸುವ ಪಾಯಿಂಟ್‌ಗಳ ಅಂತರ 0.4 ಮಿ.ಮೀ. ಇರಲಿ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿದರೆ 1:25 ಆಗುತ್ತದೆ. ಪಿಸ್ಟನ್ನಿಗೆ ಆಯಿಲ್ ತಲುಪುವುದು ಈ ಪೆಟ್ರೋಲಿನ ಜೊತೆಗೇ. ಚಾಮುಂಡಿ ಬೆಟ್ಟವೋ ಆಗುಂಬೆಯೋ, ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುತ್ತಿದ್ದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆಯಿಲ್ ಮಾತ್ರ ಸಾಕಷ್ಟು ಸಿಗುವುದಿಲ್ಲ. ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿ ಹಿಡಿದುಕೊಳ್ಳುವುದು ಹೀಗೆಯೇ. ಆಗಾಗ ಕ್ಲಚ್ ಹಿಡಿದು ಒಂದೆರಡು ಬಾರಿ ಆಕ್ಸಿಲರೇಟರ್ ಕೊಟ್ಟು ಬಿಡಿ.